ಜಾನ್ ಲೂಯಿಸ್ ಮತ್ತು ಮತದಾನದ ಹಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರರೂ, ಮೂವತ್ತಮೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿನ ಸಂಸತ್ತಿನ ಸದಸ್ಯರೂ ಆಗಿದ್ದ ಜಾನ್ ಲೂಯಿಸ್ 2020ರ ಜುಲೈ 17ರಂದು ತೀರಿಕೊಂಡರು. ಅವರ ಕುರಿತು ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಡಲಾಗಿದೆ. ಮೊದಲು ಪರಿಚಯದ ಪ್ರಶ್ನೆಗಳಿವೆ. ಕಾನೂನಿನ ಒಳವಿವರ ಬೇಕಾದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಪರಿಚಯ

ಮಾರ್ಟಿನ್ ಲೂಥರ್ ಕಿಂಗ್ ಗೊತ್ತು. ಈ ಜಾನ್ ಲೂಯಿಸ್ ಯಾರು?

ಕಿಂಗ್ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರಾದ ಲೂಯಿಸ್, ಕರಿಯರ ಸಮಾನ ಹಕ್ಕುಗಳಿಗಾಗಿ 1960ರ ದಶಕದಲ್ಲಿ ನಡೆದ ಅಹಿಂಸಾತ್ಮಕ ಚಳವಳಿಯ ಯುವ ಮುಂದಾಳು. ವಿದ್ಯಾರ್ಥಿಗಳೇ ಕಟ್ಟಿದ ಅಹಿಂಸಾ ಸಮನ್ವಯ ಸಮಿತಿಗೆ ಅವರು 1963ರಿಂದ 1966ರವರೆಗೆ ಅಧ್ಯಕ್ಷರಾಗಿದ್ದರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ನಡೆದ ಬೃಹತ್ ಸಭೆಯಲ್ಲಿ, ಕಿಂಗ್ ತಮ್ಮ ಪ್ರಸಿದ್ಧ ಭಾಷಣ ಮಾಡಿದ ಅದೇ ವೇದಿಕೆಯ ಮೇಲೆ ಮಾತನಾಡಿದವರಲ್ಲಿ ಇಪ್ಪತ್ತಮೂರರ ಲೂಯಿಸ್ ಅತ್ಯಂತ ಕಿರಿಯರು. ಮುಂದೆ 1986ರಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಕ್ಷೇತ್ರದಿಂದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಆಯ್ಕೆಯಾಗಿ, 1987ರ ಜನವರಿಯಿಂದ ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಬೀದಿಯ ಹೋರಾಟ ಮತ್ತು ಶಾಸನಸಭೆಯ ಕೆಲಸ ಒಂದೇ ದಾರಿಯ ಎರಡು ಘಟ್ಟಗಳೆಂದು ನಂಬಿ ಬದುಕಿದವರು ಅವರು. ಅವರನ್ನು ನೆನೆಯುವವರು ಇವೆರಡನ್ನು ಬೇರೆ ಮಾಡಿದರೆ ಅರ್ಧ ಮನುಷ್ಯನನ್ನಷ್ಟೇ ನೆನೆದಂತಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳ್ಳಿಯ ಬಡ ಮನೆಯ ಹುಡುಗ ಚಳವಳಿಗೆ ಬಂದದ್ದು ಹೇಗೆ?

ಲೂಯಿಸ್ 1940ರ ಫೆಬ್ರುವರಿ 21ರಂದು ಅಲಬಾಮಾದ ಟ್ರಾಯ್ ಪಟ್ಟಣದ ಸಮೀಪದ ಹಳ್ಳಿಗಾಡಿನಲ್ಲಿ ಹುಟ್ಟಿದರು. ಹತ್ತು ಮಕ್ಕಳಲ್ಲಿ ಅವರು ಮೂರನೆಯವರು. ಬೇರೆಯವರ ಜಮೀನನ್ನು ಕೋರಿಗೆ ಮಾಡುತ್ತಿದ್ದ ತಂದೆ ತಾಯಿ 1944ರಲ್ಲಿ, ಕೂಡಿಟ್ಟ 300 ಡಾಲರ್ ಕೊಟ್ಟು 110 ಎಕರೆ ಸ್ವಂತ ನೆಲ ಕೊಂಡರು. ಮನೆಯ ಕೋಳಿಗಳನ್ನು ನೋಡಿಕೊಳ್ಳುವ ಕೆಲಸ ಬಾಲಕ ಜಾನ್‌ನ ಪಾಲಿಗೆ ಬಂದಿತ್ತು. ಪಾದ್ರಿಯಾಗುವ ಕನಸಿದ್ದ ಆತ ಆ ಕೋಳಿಗಳ ಮುಂದೆಯೇ ಧರ್ಮಬೋಧೆ ಮಾಡುತ್ತಿದ್ದ.

1956ರಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯತ್ವದ ಕಾರ್ಡ್ ಕೇಳಿದಾಗ, ಅದು ಬಿಳಿಯರಿಗೆ ಮಾತ್ರ ಎಂದು ಹಿಂದಕ್ಕೆ ಕಳಿಸಿದರು. ಮನೆಗೆ ಹತ್ತಿರದ ಟ್ರಾಯ್ ಸ್ಟೇಟ್ ಕಾಲೇಜಿಗೆ ಹಾಕಿದ ಅರ್ಜಿಗೆ ಉತ್ತರವೇ ಬರಲಿಲ್ಲ. ರೇಡಿಯೋದಲ್ಲಿ ಕಿಂಗ್ ಅವರ ಮಾತು ಕೇಳಿದ್ದ ಹುಡುಗ ಅವರಿಗೇ ಪತ್ರ ಬರೆದ. ಅವರು ಬಸ್ಸಿನ ಟಿಕೆಟ್ ಕಳಿಸಿ ಕರೆಸಿಕೊಂಡರು. ಕಾಲೇಜಿನ ಮೇಲೆ ದಾವೆ ಹೂಡಲು ಕಿಂಗ್ ನೆರವಿಗೆ ಸಿದ್ಧರಿದ್ದರೂ, ಇದರಿಂದ ನಿನ್ನ ತಂದೆ ತಾಯಿಯ ಮನೆ, ಜಮೀನು ಅಪಾಯಕ್ಕೆ ಸಿಲುಕಬಹುದು ಎಂದು ಎಚ್ಚರಿಸಿದರು. ಹೆದರಿದ ಹೆತ್ತವರು ಒಪ್ಪಲಿಲ್ಲ. ಹಾಗಾಗಿ ಲೂಯಿಸ್ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ, ತಮ್ಮಂಥ ಬಡ ಹುಡುಗರು ದುಡಿದು ಓದಬಹುದಾಗಿದ್ದ ಧರ್ಮಶಾಸ್ತ್ರದ ಕಾಲೇಜಿನಲ್ಲೇ ಮುಂದುವರಿದರು. ಅವರ ಬದುಕಿನ ನಿಜವಾದ ಪಾಠಶಾಲೆ ಅವರಿಗೆ ಸಿಕ್ಕಿದ್ದು ಆ ಊರಿನಲ್ಲೇ.

ಸೇತುವೆಯ ಮೇಲೆ ಹೊಡೆದರಂತೆ. ಸೇತುವೆ ದಾಟುವುದರಲ್ಲಿ ಏನು ತಪ್ಪಿತ್ತು?

ಅವರು ಹೊರಟಿದ್ದದ್ದು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುವ ಹಕ್ಕನ್ನು ಕೇಳಲು. ಆಳುವವರ ಕಣ್ಣಿಗೆ ಅದೇ ತಪ್ಪಾಗಿತ್ತು. ಅಮೆರಿಕದ ಸಂವಿಧಾನವು ಜನಾಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದು 1870ರಲ್ಲೇ ಹೇಳಿದ್ದರೂ, ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ತಲೆ ತೆರಿಗೆ ಮತ್ತು ಬೆದರಿಕೆಗಳಿಂದ ಅದನ್ನು ಕಾಗದಕ್ಕಷ್ಟೇ ಉಳಿಸಿದ್ದವು. ಈ ಸೇತುವೆಯಿರುವುದು ಅಲಬಾಮಾದ ಸೆಲ್ಮಾ ಪಟ್ಟಣದಲ್ಲಿ. ಆ ಪಟ್ಟಣವಿರುವ ಡಲ್ಲಾಸ್ ಕೌಂಟಿಯ (ಜಿಲ್ಲೆಯಂಥ ಆಡಳಿತ ವಿಭಾಗದ) ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರೇ ಇದ್ದರೂ, ಅವರಲ್ಲಿ ಮತದಾರರ ಪಟ್ಟಿಗೆ ಸೇರಿದವರು ನೂರಕ್ಕೆ ಎರಡರಷ್ಟು. ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡು ದಿನ.

1965ರ ಫೆಬ್ರುವರಿಯಲ್ಲಿ ಪಕ್ಕದ ಮೇರಿಯನ್ ಪಟ್ಟಣದ ಮೆರವಣಿಗೆಯ ಮೇಲೆ ಪೊಲೀಸರು ಬಿದ್ದಾಗ, ಜಿಮ್ಮಿ ಲೀ ಜಾಕ್ಸನ್ ಎಂಬ ಯುವಕ ಗುಂಡೇಟು ತಿಂದು ಕೆಲವು ದಿನಗಳ ನಂತರ ಸತ್ತ. ಆ ಸಾವಿನ ಪ್ರಶ್ನೆಯನ್ನು ರಾಜಧಾನಿ ಮಾಂಟ್ಗಾಮರಿಯಲ್ಲಿ ಗವರ್ನರ್ ಜಾರ್ಜ್ ವಾಲೇಸ್ ಅವರ ಮುಂದಿಡಬೇಕೆಂದು, ಮಾರ್ಚ್ 7ರ ಭಾನುವಾರ ಸುಮಾರು 600 ಮಂದಿ ಸೆಲ್ಮಾದಿಂದ ಇಬ್ಬಿಬ್ಬರ ಸಾಲಿನಲ್ಲಿ ಕಾಲ್ನಡಿಗೆಯಲ್ಲಿ ಹೊರಟರು. ಮುಂದಿನ ಸಾಲಿನಲ್ಲಿ ಹೊಸೇಯ ವಿಲಿಯಮ್ಸ್ ಅವರೊಂದಿಗೆ ಲೂಯಿಸ್ ಇದ್ದರು. ಜೈಲಾದೀತೆಂದು ಅವರು ಬೆನ್ನಿನ ಚೀಲದಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಹಲ್ಲುಜ್ಜುವ ಬ್ರಷ್ ಮತ್ತು ಪೇಸ್ಟ್ ಇಟ್ಟುಕೊಂಡಿದ್ದರು. ಎಡ್ಮಂಡ್ ಪೆಟ್ಟಸ್ ಸೇತುವೆಯ ಆಚೆ ಬದಿಯಲ್ಲಿ ರಾಜ್ಯ ಪೊಲೀಸರು ಲಾಠಿ, ಅಶ್ರುವಾಯು ಮತ್ತು ಕುದುರೆಗಳೊಂದಿಗೆ ಕಾದಿದ್ದರು. ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಅಮೀಲಿಯಾ ಬಾಯ್ಂಟನ್ ಎಂಬ ಹಿರಿಯ ಹೋರಾಟಗಾರ್ತಿ ಪ್ರಜ್ಞೆ ತಪ್ಪಿ ಬಿದ್ದರು. ಅಂದು ರಾತ್ರಿ ಎಬಿಸಿ ವಾಹಿನಿ ತನ್ನ ಚಲನಚಿತ್ರ ಪ್ರಸಾರವನ್ನು ನಡುವೆ ನಿಲ್ಲಿಸಿ ಈ ದೃಶ್ಯಗಳನ್ನು ತೋರಿಸಿತು. ಎಂಟು ದಿನಗಳಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನ ಮುಂದೆ ನಿಂತು ಮತದಾನದ ಹಕ್ಕಿನ ಕಾನೂನು ಬೇಕೆಂದರು. ಮಾರ್ಚ್ 21ರಿಂದ 25ರವರೆಗೆ ಫೆಡರಲ್ (ಕೇಂದ್ರ) ಸರ್ಕಾರದ ರಕ್ಷಣೆಯಲ್ಲಿ ನಡಿಗೆ ಪೂರ್ಣಗೊಂಡಿತು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಅಂಕಿತ ಬಿತ್ತು.

## ಹೋರಾಟದ ವರ್ಷಗಳು

ಹೊಡೆಸಿಕೊಂಡು ಸುಮ್ಮನಿರುವುದು ಹೇಡಿತನ ಅಲ್ಲವೇ?

ಈ ಪ್ರಶ್ನೆಯನ್ನು ಹೆಚ್ಚಾಗಿ ಯುವಕರು ಕೇಳುತ್ತಾರೆ, ಮತ್ತು ಇದಕ್ಕೆ ನಿಧಾನವಾಗಿಯೇ ಉತ್ತರಿಸಬೇಕು. ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಅಹಿಂಸೆ ಸಹನೆಯ ಸ್ವಭಾವದಿಂದ ಬಂದದ್ದಲ್ಲ, ತಿಂಗಳುಗಟ್ಟಲೆ ಮಾಡಿದ ತಾಲೀಮಿನಿಂದ ಬಂದದ್ದು. ಕಲಿಸಿದವರು ಜೇಮ್ಸ್ ಲಾಸನ್. ಕೊರಿಯಾ ಯುದ್ಧಕ್ಕೆ ಸೈನಿಕನಾಗಿ ಹೋಗಲೊಪ್ಪದೆ ಜೈಲಿಗೆ ಹೋಗಿದ್ದ ಲಾಸನ್, ನಂತರ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹದ ವಿಧಾನವನ್ನು ಅಭ್ಯಾಸ ಮಾಡಿ 1956ರಲ್ಲಿ ಅಮೆರಿಕಕ್ಕೆ ಮರಳಿದವರು. ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಅವರ ತರಗತಿಗಳು ನಡೆಯುತ್ತಿದ್ದವು. ಅಲ್ಲಿ ಕೆಲವರು ಬಿಳಿಯ ಪುಂಡರಾಗಿ ನಟಿಸಿ ಗೆಳೆಯರನ್ನೇ ಬೈದು, ತಳ್ಳಿ, ಮುಖದ ಮೇಲೆ ಸಿಗರೇಟಿನ ಹೊಗೆ ಬಿಡುತ್ತಿದ್ದರು. ಉಳಿದವರು ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಬಿದ್ದವನಿಗೆ ಹೇಗೆ ಅಡ್ಡ ನಿಲ್ಲಬೇಕು, ಹೊಡೆಯುವವನ ಕಣ್ಣನ್ನು ಹೇಗೆ ನೇರವಾಗಿ ನೋಡಬೇಕು ಎಂಬುದನ್ನು ಕಲಿಯುತ್ತಿದ್ದರು.

ಆ ಕಲಿಕೆಗೆ 1960ರ ಫೆಬ್ರುವರಿಯಲ್ಲಿ ಪರೀಕ್ಷೆ ಎದುರಾಯಿತು. ಬಿಳಿಯರಿಗೆ ಮಾತ್ರ ತಿಂಡಿ ಕೊಡುತ್ತಿದ್ದ ಪೇಟೆಯ ಅಂಗಡಿಗಳ ಊಟದ ಕಟ್ಟೆಗಳಲ್ಲಿ ವಿದ್ಯಾರ್ಥಿಗಳು ಶುಭ್ರವಾದ ಉಡುಪು ತೊಟ್ಟು, ಪುಸ್ತಕ ಹಿಡಿದು ಕುಳಿತರು. ಫೆಬ್ರುವರಿ 27ರಂದು ಪುಂಡರು ಅವರನ್ನು ಹೊಡೆದರು. ಪೊಲೀಸರು ಬಂಧಿಸಿದ್ದು ಹೊಡೆಸಿಕೊಂಡವರನ್ನು. ಅದು ಲೂಯಿಸ್ ಅವರ ಮೊದಲ ಬಂಧನ. ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ವಕೀಲ ಅಲೆಕ್ಸಾಂಡರ್ ಲೂಬಿ ಅವರ ಮನೆಯ ಮೇಲೆ ಬಾಂಬ್ ಬಿದ್ದಾಗ ಸಾವಿರಾರು ಜನ ಮೌನವಾಗಿ ನಗರಸಭೆಗೆ ನಡೆದು ಹೋದರು. ಅಲ್ಲಿ ಡಯೇನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಕೇಳಿದ ನೇರ ಪ್ರಶ್ನೆಗೆ, ಈ ತಾರತಮ್ಯ ತಪ್ಪು ಎಂದು ಮೇಯರ್ ಒಪ್ಪಿಕೊಳ್ಳಬೇಕಾಯಿತು. ಮೇ 10ರಂದು ಊಟದ ಕಟ್ಟೆಗಳು ಎಲ್ಲರಿಗೂ ತೆರೆದವು.

ಮರು ವರ್ಷ ಅಂತರರಾಜ್ಯ ಬಸ್ಸುಗಳಲ್ಲಿ ಕರಿಯರು ಬಿಳಿಯರು ಒಟ್ಟಿಗೆ ಪ್ರಯಾಣಿಸಿದ ಸ್ವಾತಂತ್ರ್ಯ ಯಾತ್ರೆಯ ಮೊದಲ ಹದಿಮೂರು ಮಂದಿಯಲ್ಲಿ ಲೂಯಿಸ್ ಒಬ್ಬರಾಗಿದ್ದರು. ದಕ್ಷಿಣ ಕೆರೊಲೈನಾದ ರಾಕ್ ಹಿಲ್‌ನಲ್ಲಿ ಅವರಿಗೆ ಹೊಡೆದರು. ಮಾಂಟ್ಗಾಮರಿಯ ಬಸ್ ನಿಲ್ದಾಣದಲ್ಲಿ ಮರದ ಪೆಟ್ಟಿಗೆಯಿಂದ ತಲೆಗೆ ಹೊಡೆದು ಪ್ರಜ್ಞೆ ತಪ್ಪಿಸಿದರು. ಆಮೇಲೂ ಬಸ್ ಹತ್ತಿ ಮಿಸಿಸಿಪಿಗೆ ಹೋಗಿ, ಪಾರ್ಚ್‌ಮನ್ ಎಂಬ ಕುಖ್ಯಾತ ಸೆರೆಮನೆಯನ್ನು ಕಂಡರು. ಮುಂದೇನು ಕಾದಿದೆಯೆಂದು ತಿಳಿದೂ ಮತ್ತೆ ಬಸ್ ಹತ್ತಿದವರನ್ನು ಹೇಡಿಗಳೆಂದು ಕರೆಯುವುದು ನನ್ನಿಂದಾಗದು.

ವಾಷಿಂಗ್ಟನ್ ಸಭೆಯಲ್ಲಿ ಅವರ ಭಾಷಣವನ್ನು ತಿದ್ದಿಸಿದರು ಎಂಬುದು ನಿಜವೇ?

ನಿಜ. ಅಧ್ಯಕ್ಷ ಕೆನಡಿ ಸರ್ಕಾರದ ನಾಗರಿಕ ಹಕ್ಕು ಮಸೂದೆ ತೀರಾ ಸಾಲದು ಎಂದು ಲೂಯಿಸ್ ಅವರ ಕರಡಿನಲ್ಲಿ ಕಟುವಾಗಿ ಬರೆಯಲಾಗಿತ್ತು. ವಾಷಿಂಗ್ಟನ್‌ನ ಆರ್ಚ್‌ಬಿಷಪ್ ಆಕ್ಷೇಪಿಸಿದರು. ಜೊತೆಯ ನಾಯಕರಿಗೂ ಇರಿಸುಮುರಿಸಾಯಿತು. ಈ ಸಭೆಗಾಗಿ ಜೀವಮಾನವಿಡೀ ಕಾದಿದ್ದ ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫ್ ವಿನಂತಿಸಿಕೊಂಡಾಗ, ಹಿರಿಯರ ಮೇಲಿನ ಗೌರವದಿಂದ ಲೂಯಿಸ್ ಕೆಲವು ಸಾಲುಗಳನ್ನು ಬಿಟ್ಟರು. ಆದರೂ ಅಂದಿನ ಭಾಷಣಗಳಲ್ಲಿ ಸರ್ಕಾರವನ್ನು ಅಷ್ಟು ನೇರವಾಗಿ ಪ್ರಶ್ನಿಸಿದ್ದು ಅವರದೇ.

ತಾವೇ ಮುನ್ನಡೆಸಿದ ವಿದ್ಯಾರ್ಥಿ ಸಂಘಟನೆಯಿಂದ ಅವರು ಹೊರಬಂದದ್ದೇಕೆ?

1966ರಲ್ಲಿ ಸದಸ್ಯರು ಲೂಯಿಸ್ ಅವರ ಜಾಗಕ್ಕೆ ಸ್ಟೋಕ್ಲಿ ಕಾರ್ಮೈಕಲ್ ಅವರನ್ನು ಆರಿಸಿದರು. ವರ್ಷಗಟ್ಟಲೆ ಲಾಠಿ, ಗುಂಡು ಮತ್ತು ಸರ್ಕಾರದ ನಿಧಾನವನ್ನು ಕಂಡಿದ್ದ ಯುವಕರಿಗೆ ಅಹಿಂಸೆಯ ಮೇಲೆಯೂ, ಬಿಳಿಯರ ಜೊತೆಗೂಡಿ ದುಡಿಯುವುದರ ಮೇಲೆಯೂ ನಂಬಿಕೆ ಸವೆದಿತ್ತು; ಅವರ ಕೋಪಕ್ಕೆ ಕಾರಣಗಳಿದ್ದವು. ಲೂಯಿಸ್ ತಮ್ಮ ನಿಲುವನ್ನು ಬಿಡಲಿಲ್ಲ. 1970ರಿಂದ ಏಳು ವರ್ಷ ಅವರು ಮತದಾರರ ಶಿಕ್ಷಣ ಯೋಜನೆಯ ಮುಖ್ಯಸ್ಥರಾಗಿ, ದಕ್ಷಿಣದ ಊರೂರು ಸುತ್ತಿ ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿದರು. ಕ್ಯಾಮೆರಾಗಳು ಬೇರೆಡೆ ಹೊರಟುಹೋಗಿದ್ದ ಕಾಲದ ಈ ಕೆಲಸವನ್ನು ಚರಿತ್ರೆ ಬರೆಯುವವರು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

## ಶಾಸಕರಾಗಿ

ಚುನಾವಣೆಯಲ್ಲಿ ಗೆಳೆಯನ ವಿರುದ್ಧವೇ ನಿಂತರಂತೆ?

ಹೌದು. 1986ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಯ್ಕೆಗೆ ಎದುರಾಳಿಯಾಗಿದ್ದವರು ವಿದ್ಯಾರ್ಥಿ ಸಮಿತಿಯ ಕಾಲದ ಒಡನಾಡಿ ಜೂಲಿಯನ್ ಬಾಂಡ್. ಮೊದಲ ಸುತ್ತಿನಲ್ಲಿ ಬಾಂಡ್ ಮುಂದಿದ್ದರು. ನಿರ್ಣಾಯಕ ಸುತ್ತಿನ ಪ್ರಚಾರದಲ್ಲಿ ಲೂಯಿಸ್, ಇಬ್ಬರೂ ಮಾದಕ ವಸ್ತುವಿನ ಪರೀಕ್ಷೆಗೆ ಒಳಗಾಗೋಣ ಎಂದು ಸವಾಲು ಹಾಕಿದರು. ಕರಿಯರ ಬಹುಪಾಲು ಮತ ಬಾಂಡ್ ಅವರಿಗೆ ಹೋದರೂ, ಬಿಳಿಯ ಮತದಾರರ ದೊಡ್ಡ ಬೆಂಬಲದಿಂದ ಲೂಯಿಸ್ ಕಡಿಮೆ ಅಂತರದಲ್ಲಿ ಗೆದ್ದರು. ಗೆಳೆತನಕ್ಕೆ ಬಿದ್ದ ಪೆಟ್ಟು ಬೇಗ ಮಾಗಲಿಲ್ಲ. ಅವರ ಮೇಲೆ ಎಷ್ಟೇ ಗೌರವವಿದ್ದರೂ ಆ ಸವಾಲು ಅವರಿಗೆ ಶೋಭಿಸುವಂಥದ್ದಾಗಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ, ಮತ್ತು ಸ್ಮರಣೆಯ ನೆಪದಲ್ಲಿ ಅದನ್ನು ಮುಚ್ಚಿಡಬಾರದು.

ಸಂಸತ್ತಿನಲ್ಲಿ ಅಷ್ಟು ವರ್ಷ ಇದ್ದು ಏನು ಸಾಧಿಸಿದರು?

ಒಂದು ಕೆಲಸವನ್ನೇ ನೋಡೋಣ. ಆಫ್ರಿಕನ್ ಅಮೆರಿಕನ್ನರ ಚರಿತ್ರೆ ಮತ್ತು ಸಂಸ್ಕೃತಿಗೆ ವಾಷಿಂಗ್ಟನ್‌ನಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬೇಕೆಂದು ಲೂಯಿಸ್ 1988ರಲ್ಲಿ ಮಸೂದೆ ತಂದರು. ಅದು ಬಿದ್ದುಹೋಯಿತು. ಮತ್ತೆ ತಂದರು, ಮತ್ತೆ ಬಿತ್ತು. ಹೀಗೆ ಹದಿನೈದು ವರ್ಷ ಬೆನ್ನುಬಿಡದೆ, ವಿರೋಧ ಪಕ್ಷದವರನ್ನೂ ಜೊತೆಗೆ ಸೇರಿಸಿಕೊಂಡ ಮೇಲೆ, 2003ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಅದಕ್ಕೆ ಅಂಕಿತ ಹಾಕಿದರು. 2016ರ ಸೆಪ್ಟೆಂಬರ್ 24ರಂದು ಕಟ್ಟಡ ತೆರೆದಾಗ ಲೂಯಿಸ್ ಅವರಿಗೆ ಎಪ್ಪತ್ತಾರು ವರ್ಷ. 1955ರಲ್ಲಿ ಮಿಸಿಸಿಪಿಯಲ್ಲಿ ಕೊಲೆಯಾದ ಹದಿನಾಲ್ಕರ ಬಾಲಕ ಎಮೆಟ್ ಟಿಲ್ ಹೆಸರಿನಲ್ಲಿ, ಆ ಕಾಲದ ಬಗೆಹರಿಯದ ಜನಾಂಗೀಯ ಕೊಲೆಗಳ ತನಿಖೆಯನ್ನು ಮತ್ತೆ ತೆರೆಯಲು 2008ರಲ್ಲಿ ಬಂದ ಕಾಯ್ದೆಯನ್ನು ಮಂಡಿಸಿದವರೂ ಅವರೇ. ಸಂಸದರಾದ ಮೇಲೂ ಅವರು ಬಂಧನಕ್ಕೆ ಹಿಂಜರಿಯಲಿಲ್ಲ: ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ, ಸುಡಾನಿನ ಡಾರ್ಫರ್‌ನ ನರಮೇಧ, ವಲಸೆ ಕಾನೂನಿನ ಸುಧಾರಣೆ, ಹೀಗೆ ಐದು ಬಾರಿ ಪೊಲೀಸರು ಅವರನ್ನು ಕರೆದೊಯ್ದರು. 2016ರ ಜೂನ್‌ನಲ್ಲಿ ಬಂದೂಕು ನಿಯಂತ್ರಣದ ಮಸೂದೆಯನ್ನು ಮತಕ್ಕೆ ಹಾಕಬೇಕೆಂದು ಒತ್ತಾಯಿಸಿ ಅವರು ಸದನದ ನೆಲದ ಮೇಲೆಯೇ ಧರಣಿ ಕುಳಿತರು.

ತಮ್ಮನ್ನು ಹೊಡೆದವರನ್ನು ಅವರು ನಿಜವಾಗಿಯೂ ಕ್ಷಮಿಸಿದರೇ?

ಕ್ಷಮಿಸಿದರು. 1961ರಲ್ಲಿ ರಾಕ್ ಹಿಲ್‌ನ ಬಸ್ ನಿಲ್ದಾಣದಲ್ಲಿ ಅವರನ್ನು ಹೊಡೆದಿದ್ದ ಎಲ್ವಿನ್ ವಿಲ್ಸನ್ 2009ರಲ್ಲಿ ತನ್ನ ಮಗನೊಂದಿಗೆ ವಾಷಿಂಗ್ಟನ್ನಿನ ಕಚೇರಿಗೆ ಬಂದು ಕ್ಷಮೆ ಕೇಳಿದಾಗ ಲೂಯಿಸ್ ಅವನನ್ನು ಅಪ್ಪಿಕೊಂಡರು. 2013ರಲ್ಲಿ ಮಾಂಟ್ಗಾಮರಿಯ ಪೊಲೀಸ್ ಮುಖ್ಯಸ್ಥರು, 1961ರಲ್ಲಿ ತಮ್ಮ ಇಲಾಖೆ ಯಾತ್ರಿಕರನ್ನು ಕಾಪಾಡಲಿಲ್ಲವೆಂದು ಕ್ಷಮೆ ಯಾಚಿಸಿ, ತಮ್ಮ ಸಮವಸ್ತ್ರದ ಬಿಲ್ಲೆಯನ್ನು ಕಳಚಿ ಅವರ ಕೈಗಿಟ್ಟರು. ಹೊಡೆದವನ ಮೇಲೆ ದ್ವೇಷ ಉಳಿಸಿಕೊಳ್ಳದ ಈ ಮನುಷ್ಯ, ಹೊಡೆಯಲು ಅವಕಾಶ ಕೊಟ್ಟ ಕಾನೂನನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ ಎಂಬುದನ್ನು ಕ್ಷಮೆಯ ಕಥೆ ಹೇಳುವವರು ಮರೆಯಬಾರದು.

## ಸ್ಮರಣೆ

ಅವರು ತೀರಿಕೊಂಡಾಗ ದೇಶ ಹೇಗೆ ಬೀಳ್ಕೊಟ್ಟಿತು?

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದನ್ನು ಅವರು 2019ರ ಡಿಸೆಂಬರ್‌ನಲ್ಲಿ ತಿಳಿಸಿದ್ದರು. 2020ರ ಜೂನ್‌ನಲ್ಲಿ, ಪೊಲೀಸರ ಕೈಯಲ್ಲಿ ಸತ್ತ ಕರಿಯ ಜಾರ್ಜ್ ಫ್ಲಾಯ್ಡ್ ಅವರ ಸಾವಿನ ನಂತರದ ಪ್ರತಿಭಟನೆಗಳ ನಡುವೆ, ಶ್ವೇತಭವನದ ಬಳಿಯ ಬೀದಿಯಲ್ಲಿ ಬರೆಯಲಾಗಿದ್ದ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕರಿಯರ ಜೀವಕ್ಕೂ ಬೆಲೆಯಿದೆ) ಎಂಬ ಬೃಹತ್ ಅಕ್ಷರಗಳನ್ನು ನೋಡಲು ಬಂದದ್ದು ಅವರ ಕೊನೆಯ ಸಾರ್ವಜನಿಕ ಹೆಜ್ಜೆಗಳಲ್ಲಿ ಒಂದು. ಜುಲೈ 26ರಂದು ಕುದುರೆ ಗಾಡಿಯೊಂದು ಅವರ ಪಾರ್ಥಿವ ಶರೀರವನ್ನು, ಗುಲಾಬಿ ಎಸಳುಗಳನ್ನು ಚೆಲ್ಲಿದ್ದ ಸೆಲ್ಮಾ ಸೇತುವೆಯ ಮೇಲೆ ದಾಟಿಸಿತು. ಆಚೆ ದಡದಲ್ಲಿ ಈ ಸಲ ಅಲಬಾಮಾದ ಪೊಲೀಸರು ನಮಸ್ಕರಿಸಿ ನಿಂತಿದ್ದರು. ಸಂಸತ್ ಭವನದ ಗುಮ್ಮಟದಡಿ ಅಂತಿಮ ದರ್ಶನಕ್ಕಿಡುವ ಗೌರವ ಪಡೆದ ಮೊದಲ ಕರಿಯ ಜನಪ್ರತಿನಿಧಿ ಅವರು. ಅಟ್ಲಾಂಟಾದಲ್ಲಿ ಕಿಂಗ್ ಅವರ ಚರ್ಚಿನಲ್ಲೇ ಜುಲೈ 30ರಂದು ನಡೆದ ಅಂತಿಮ ಪ್ರಾರ್ಥನೆಯಲ್ಲಿ ಮೂವರು ಮಾಜಿ ಅಧ್ಯಕ್ಷರು ಮಾತನಾಡಿದರು. ಅವರಲ್ಲಿ ಒಬಾಮ, ಲೂಯಿಸ್ ಅವರನ್ನು ಗೌರವಿಸುವುದಾದರೆ ಮತದಾನ ಹಕ್ಕುಗಳ ಕಾಯ್ದೆಗೆ ಮತ್ತೆ ಜೀವ ತುಂಬಿ ಎಂದು ಕೇಳಿದರು.

ಆ ಸೇತುವೆಗೆ ಇನ್ನೂ ಅವರ ಹೆಸರು ಇಟ್ಟಿಲ್ಲವೇಕೆ?

ಎಡ್ಮಂಡ್ ಪೆಟ್ಟಸ್ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ಸೇನಾಧಿಕಾರಿ ಮತ್ತು ಬಿಳಿಯರ ಮೇಲುಗೈಗಾಗಿ ಹಿಂಸೆ ನಡೆಸಿದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘಟನೆಯ ನಾಯಕ. ಅವರ ಹೆಸರು ತೆಗೆಯಬೇಕೆಂಬ ಬೇಡಿಕೆ ಸಹಜವೇ. ಆದರೆ 2015ರಲ್ಲಿ ಈ ಚರ್ಚೆ ಎದ್ದಾಗ ಲೂಯಿಸ್ ಅವರೇ, ಸಂಸದೆ ಟೆರಿ ಸೆವೆಲ್ ಜೊತೆಗೂಡಿ, ಬದಲಾವಣೆ ಬೇಡವೆಂದು ಬರೆದಿದ್ದರು. ಆ ಹೆಸರಿನ ಕೆಳಗೆ ನಡೆದು ಹೋದವರೇ ಅದರ ಅರ್ಥವನ್ನು ಬದಲಿಸಿದ್ದಾರೆ ಎಂಬ ಭಾವ ಸೆಲ್ಮಾದ ಅನೇಕರಲ್ಲೂ ಇದೆ. ಬೇರೆ ಕಡೆ ಅವರ ಹೆಸರು ಸಾಕಷ್ಟು ಬಂದಿದೆ: ನ್ಯಾಶ್‌ವಿಲ್‌ನ ಐದನೇ ಅವೆನ್ಯೂ, ವರ್ಜೀನಿಯಾದ ಒಂದು ಪ್ರೌಢಶಾಲೆ, ನೌಕಾಪಡೆಯ ಒಂದು ಇಂಧನ ಪೂರೈಕೆ ಹಡಗು, 2023ರ ಅಂಚೆ ಚೀಟಿ. ಅರ್ಜಿಗೆ ಉತ್ತರಿಸದೆ ಹೋಗಿದ್ದ ಟ್ರಾಯ್‌ನ ಕಾಲೇಜು ಈಗ ವಿಶ್ವವಿದ್ಯಾಲಯವಾಗಿದ್ದು, ಅಲ್ಲಿನ ಒಂದು ಹಳೆಯ ಕಟ್ಟಡಕ್ಕೂ ಅವರ ಹೆಸರಿದೆ. ಜಾರ್ಜಿಯಾದ ಡೆಕೇಟರ್‌ನಲ್ಲಿ ಗುಲಾಮಗಿರಿಯ ಪರದ ಪಡೆಗಳ ಸ್ಮಾರಕಸ್ತಂಭ ತೆಗೆದ ಜಾಗದಲ್ಲೇ 2024ರಲ್ಲಿ ಅವರ ಕಂಚಿನ ಪ್ರತಿಮೆ ನಿಂತಿತು.

## ಆಳದ ಪ್ರಶ್ನೆಗಳು

ಗಾಂಧೀಜಿಯ ಹೆಸರು ಬಿಟ್ಟರೆ ನಮಗೂ ಈ ಹೋರಾಟಕ್ಕೂ ಏನು ಸಂಬಂಧ?

ಮೂರು ಸಂಗತಿಗಳನ್ನು ಹೇಳಬಹುದು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಬಿಳಿಯರ ಡಬ್ಬಿಯಿಂದ ಏಳಬೇಕೆಂದು ಹೇಳಿದ ಟಿಕೆಟ್ ತನಿಖೆಯವನಿಗೆ ಮಣಿಯಲಿಲ್ಲ. ಭಾರತದವರೆಂದು ತಿಳಿದು ಆತ ಸಡಿಲಬಿಡಲು ನೋಡಿದರೂ, ತಾವೂ ಬಿಳಿಯರಲ್ಲದ ಹೆಂಗಸೇ ಎಂದು ಹೇಳಿ ಕುಳಿತಲ್ಲೇ ಕುಳಿತರು. ಇದು ಲೂಯಿಸ್ ಅವರ ಮೇಲೆ ನೇರ ಪ್ರಭಾವ ಬೀರಿದ ಘಟನೆಯಲ್ಲ, ಆದರೆ ಎರಡು ಹೋರಾಟಗಳು ಒಂದನ್ನೊಂದು ಗುರುತಿಸುತ್ತಿದ್ದವು ಎಂಬುದಕ್ಕೆ ಸಾಕ್ಷಿ.

ಎರಡನೆಯದು ಇಂದಿನ ಅಮೆರಿಕನ್ನಡಿಗರಿಗೆ ಸಂಬಂಧಿಸಿದ್ದು. 1946ರಿಂದ ಭಾರತಕ್ಕಿದ್ದ ವಾರ್ಷಿಕ ವಲಸೆ ಮಿತಿ 100 ಮಂದಿ. ದೇಶ ನೋಡಿ ಮಿತಿ ಹಾಕುವ ಆ ಪದ್ಧತಿಯನ್ನು ತೆಗೆದ ವಲಸೆ ಕಾಯ್ದೆಗೆ ಅಂಕಿತ ಬಿದ್ದದ್ದು 1965ರ ಅಕ್ಟೋಬರ್ 3ರಂದು, ಮತದಾನದ ಕಾಯ್ದೆಯಾದ ಎರಡು ತಿಂಗಳೊಳಗೆ. ಜನಾಂಗ ಭೇದವನ್ನು ಕಾನೂನಿನಲ್ಲಿ ಸಹಿಸಲಾಗದೆಂಬ ವಾತಾವರಣವನ್ನು ಈ ಚಳವಳಿಯೇ ನಿರ್ಮಿಸಿತ್ತು. ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ವೈದ್ಯರು, ಇಂಜಿನಿಯರುಗಳು, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದಂಥ ಸಂಸ್ಥೆಗಳನ್ನು ಕಟ್ಟಿದವರು, ಆ ಬಾಗಿಲಿನಿಂದಲೇ ಒಳಗೆ ಬಂದವರು. ಈ ಋಣವನ್ನು ನಮ್ಮವರು ಇನ್ನೂ ಗಟ್ಟಿಯಾಗಿ ಹೇಳಬೇಕು.

ಮೂರನೆಯದಾಗಿ, 2009ರಲ್ಲಿ ಕಿಂಗ್ ಅವರ ಭಾರತ ಭೇಟಿಯ ಐವತ್ತನೇ ವರ್ಷದ ನಿಯೋಗದೊಂದಿಗೆ ಭಾರತಕ್ಕೆ ಬಂದಿದ್ದ ಲೂಯಿಸ್, ಗಾಂಧಿ ಮತ್ತು ಕಿಂಗ್ ಇಬ್ಬರ ವಿಚಾರಗಳ ಅಧ್ಯಯನಕ್ಕಾಗಿ ಎರಡೂ ದೇಶಗಳ ವಿದ್ವಾಂಸರ ವಿನಿಮಯಕ್ಕೆ ಮಸೂದೆ ಬರೆದರು. ಅದು ಕಾಯ್ದೆಯಾದದ್ದು ಅವರು ಹೋದ ಐದು ತಿಂಗಳಿಗೆ, 2020ರ ಡಿಸೆಂಬರ್‌ನಲ್ಲಿ.

ಮತದಾನ ಹಕ್ಕುಗಳ ಕಾಯ್ದೆ 1965ರಲ್ಲೇ ಬಂತಲ್ಲ, ಈಗ ಅವರ ಹೆಸರಿನಲ್ಲಿ ಮತ್ತೊಂದು ಕಾನೂನು ಏಕೆ ಬೇಕು?

ಹಳೆಯ ಕಾಯ್ದೆಯ ಮುಖ್ಯ ಕಲಮೊಂದು 2013ರಲ್ಲಿ ಬಲ ಕಳೆದುಕೊಂಡದ್ದರಿಂದ. ಆ ಕಾಯ್ದೆಯ ಐದನೇ ಕಲಮಿನ ಪ್ರಕಾರ, ತಾರತಮ್ಯದ ಚರಿತ್ರೆಯಿದ್ದ ರಾಜ್ಯಗಳು ಮತ್ತು ಕೌಂಟಿಗಳು ಚುನಾವಣೆಯ ಯಾವುದೇ ನಿಯಮ ಬದಲಿಸುವ ಮೊದಲು ಕೇಂದ್ರದ ನ್ಯಾಯ ಇಲಾಖೆಯ ಅಥವಾ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕಿತ್ತು. ಮತಗಟ್ಟೆಯ ಜಾಗ ಬದಲಿಸುವುದಕ್ಕೂ ಇದು ಅನ್ವಯಿಸುತ್ತಿತ್ತು. ಅನ್ಯಾಯವಾದ ಮೇಲೆ ಬಡವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ತಪ್ಪಿಸಿ, ಅನ್ಯಾಯ ಆಗುವ ಮೊದಲೇ ತಡೆಯುವುದು ಇದರ ಗುಣ. ಯಾವ ಪ್ರದೇಶಗಳಿಗೆ ಇದು ಅನ್ವಯ ಎಂಬ ಸೂತ್ರ ನಾಲ್ಕನೇ ಕಲಮಿನಲ್ಲಿತ್ತು. 2006ರಲ್ಲಿ ಪ್ರತಿನಿಧಿ ಸಭೆ 390–33 ಮತಗಳಿಂದ, ಮೇಲ್ಮನೆಯಾದ ಸೆನೆಟ್ 98–0 ಮತಗಳಿಂದ ಈ ವ್ಯವಸ್ಥೆಯನ್ನು ಇನ್ನೂ 25 ವರ್ಷ ಮುಂದುವರಿಸಿದ್ದವು.

ಅಲಬಾಮಾದ ಶೆಲ್ಬಿ ಕೌಂಟಿ ಹೂಡಿದ ದಾವೆಯಲ್ಲಿ 2013ರ ಜೂನ್ 25ರಂದು ಸುಪ್ರೀಂ ಕೋರ್ಟ್, ಐವರು ನ್ಯಾಯಮೂರ್ತಿಗಳ ಬಹುಮತದಿಂದ, ಆ ಸೂತ್ರ ಹಳೆಯ ಅಂಕಿಅಂಶಗಳನ್ನು ಆಧರಿಸಿದೆಯೆಂದು ರದ್ದುಪಡಿಸಿತು. ಐದನೇ ಕಲಂ ಪುಸ್ತಕದಲ್ಲಿ ಉಳಿಯಿತು, ಆದರೆ ಅನ್ವಯಿಸಲು ಜಾಗವೇ ಇಲ್ಲದಂತಾಯಿತು. ಭಿನ್ನಮತದ ತೀರ್ಪು ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್, ಇದು ನೆನೆಯುತ್ತಿಲ್ಲವೆಂದು ಸುರಿವ ಮಳೆಯಲ್ಲಿ ಕೊಡೆ ಎಸೆದಂತೆ ಎಂದರು. ತೀರ್ಪು ಬಂದ ದಿನವೇ ಟೆಕ್ಸಾಸ್, ಅಲ್ಲಿಯವರೆಗೆ ತಡೆಹಿಡಿಯಲಾಗಿದ್ದ ಗುರುತಿನ ಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಪ್ರಕಟಿಸಿತು.

ಹಾಗಾದರೆ ಅವರ ಹೆಸರಿನ ಮಸೂದೆ ಎಲ್ಲಿಗೆ ಬಂತು?

ಇತ್ತೀಚಿನ ವರ್ಷಗಳ ಉಲ್ಲಂಘನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಸ ಸೂತ್ರವನ್ನು ಕೊಟ್ಟು ಪೂರ್ವಾನುಮತಿಯನ್ನು ಮರಳಿ ತರುವುದು ಈ ಮಸೂದೆಯ ತಿರುಳು. ಹಿಂದಿನ ರೂಪದಲ್ಲಿ ಅದು 2019ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾದಾಗ ಲೂಯಿಸ್ ಇನ್ನೂ ಬದುಕಿದ್ದರು. ಸೆನೆಟ್ ಅದನ್ನು ಎತ್ತಿಕೊಳ್ಳಲಿಲ್ಲ. ಅವರ ಮರಣಾನಂತರ ಅವರ ಹೆಸರನ್ನು ಹೊತ್ತ ಮಸೂದೆಯನ್ನು ಪ್ರತಿನಿಧಿ ಸಭೆ 2021ರ ಆಗಸ್ಟ್ 24ರಂದು 219–212 ಮತಗಳಿಂದ ಒಪ್ಪಿತು. ಸೆನೆಟ್‌ನಲ್ಲಿ ಚರ್ಚೆ ಆರಂಭಿಸುವುದಕ್ಕೇ 60 ಮತ ಬೇಕಿತ್ತು. ನವೆಂಬರ್ 3ರಂದು ಪರವಾಗಿ ಬಿದ್ದದ್ದು 50. ಮತ್ತೊಂದು ಚುನಾವಣಾ ಮಸೂದೆಯೊಂದಿಗೆ ಸೇರಿಸಿ 2022ರ ಜನವರಿಯಲ್ಲಿ ಮಾಡಿದ ಯತ್ನವೂ ಅದೇ ನಿಯಮಕ್ಕೆ ಸಿಲುಕಿ ನಿಂತಿತು. ಲೂಯಿಸ್ ಅವರಿಗೆ ಶ್ರದ್ಧಾಂಜಲಿ ಸಲ್ಲಿಸಿದ್ದ ಹಲವು ಸೆನೆಟರುಗಳು ಆ ಮಸೂದೆಯ ವಿರುದ್ಧ ಕೈ ಎತ್ತಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಸೆಲ್ಮಾದಲ್ಲೇ ಬೆಳೆದ ಟೆರಿ ಸೆವೆಲ್ ಆ ನಂತರವೂ ಅದನ್ನು ಪ್ರತಿನಿಧಿ ಸಭೆಯಲ್ಲಿ ಮತ್ತೆ ಮಂಡಿಸಿದ್ದಾರೆ.